ರೂಟರಿನ ನಡತೆ

ಮನೆಯ ರೂಟರು ಕೆಟ್ಟಿದ್ದಕ್ಕೆ ಗಡಿಯಾರ ರಿಪೇರಿಯ ಮಾವನೇ ಕಾರಣ ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಾವನಿಗೂ ಇರಲಿಲ್ಲ. ಒಪ್ಪಿಕೊಳ್ಳಲು ಮಾತ್ರ ಅವರು ತಯಾರಿರಲಿಲ್ಲ.

ನಡೆದದ್ದು ಇಷ್ಟು. ಅವರ ಫೋನಿನಲ್ಲಿ ರೂಟರಿನ ಆ್ಯಪ್ ಮೇಲೆ ಒಂದು ಕೆಂಪು ಚುಕ್ಕೆ ಹದಿನೈದು ದಿನದಿಂದ ಬಿಡಾರ ಹೂಡಿತ್ತು. ನಲವತ್ತು ವರ್ಷ ಗಡಿಯಾರ ಬಿಚ್ಚಿದ ಕೈ. ಕಣ್ಣೆದುರು ಏನೋ ಸರಿಯಿಲ್ಲ ಅನ್ನಿಸಿದರೆ ಸುಮ್ಮನಿರುವುದು ಅವರ ಜಾಯಮಾನವಲ್ಲ. ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಚುಕ್ಕೆಯನ್ನು ಒತ್ತಿದರು. ರೂಟರನ್ನು ಒಳಗಿಂದ ನಡೆಸುವ ಹೊಸ ಫರ್ಮ್‌ವೇರ್ ಹಾಕಲೇ ಎಂದು ಅದು ಕೇಳಿತು. ಹಾಕು ಎಂದರು. ಚುಕ್ಕೆ ಹೋಯಿತು, ಜೊತೆಗೆ ಮನೆಯ ನೆಮ್ಮದಿಯೂ ಹೋಯಿತು. ಅಂದಿನಿಂದ ರೂಟರು ಮನಸ್ಸು ಬಂದಾಗ ಆರುವುದು, ಮತ್ತೆ ತಾನಾಗಿ ಹತ್ತುವುದು ಶುರುವಾಯಿತು.

“ಮುಟ್ಟಿದ್ದು ಯಾರು?” ಅತ್ತೆ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ಕೇಳಿದರು.

“ನಾನೇನು ಮಾಡ್ದೆ? ಅದೇ ಕೇಳ್ತು, ನಾನು ಹೂಂ ಅಂದೆ.”

“ಅಡುಗೆಮನೆ ನಲ್ಲಿ ಸೋರತ್ತೆ ಅಂತ ಎಷ್ಟು ವರ್ಷದಿಂದ ಕೇಳ್ತಾ ಇದೀನಿ. ಅದಕ್ಕೆ ಒಂದು ಸಲನೂ ಹೂಂ ಅಂದಿಲ್ಲವಲ್ಲ ನೀವು!”

ಬೇರೆ ವಾರವಾಗಿದ್ದರೆ ಇದು ನಗುವಿನಲ್ಲೇ ಮುಗಿಯುತ್ತಿತ್ತು. ಆದರೆ ಗುರುವಾರ ಮಧ್ಯಾಹ್ನ ಮೂರಕ್ಕೆ ಸೊಸೆಗೆ ಕೆಲಸದ ಪರೀಕ್ಷೆಯಿತ್ತು. ಅವಳು ಸನ್ನೆ ಭಾಷೆಯ ದುಭಾಷಿ. ಕಿವಿ ಕೇಳದ ರೋಗಿ ಡಾಕ್ಟರ ಮುಂದೆ ಕೂತಾಗ, ಮನೆಯಿಂದಲೇ ವಿಡಿಯೋದಲ್ಲಿ ಇಬ್ಬರ ಮಾತನ್ನೂ ದಾಟಿಸುವ ಕೆಲಸ ಅದು. ಪರೀಕ್ಷೆಯೂ ವಿಡಿಯೋದಲ್ಲೇ, ಕಿವಿ ಕೇಳದ ಮೂವರು ಪರೀಕ್ಷಕರ ಮುಂದೆ. ಮೂರು ಸಲ ಸಂಪರ್ಕ ಕಡಿದರೆ ಪರೀಕ್ಷೆ ಅಲ್ಲಿಗೇ ರದ್ದು ಎಂದು ಮೊದಲೇ ಬರೆದು ತಿಳಿಸಿದ್ದರು. ಕೈ ಅರ್ಧ ಎತ್ತಿದಾಗ ಚಿತ್ರ ನಿಂತರೆ ಮಾತೂ ಅರ್ಧಕ್ಕೇ ನಿಂತ ಹಾಗೆ.

ಅವಳು ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಮೊದಲು ಮಗು, ಆಮೇಲೆ ಅತ್ತೆಯ ಮಂಡಿ, ಆಮೇಲೆ ಮಾವನ ಎದೆನೋವು. ಆ ಆರರಲ್ಲಿ ಎರಡು ವರ್ಷ ತಮ್ಮ ಪಾಲಿನದು ಎಂಬುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಬಾಯಲ್ಲಿ ಎಷ್ಟೇ ಸಬೂಬು ಹೇಳಿದರೂ ಒಳಗೊಳಗೇ ಅವರಿಗೆ ಕಸಿವಿಸಿಯಾಗುತ್ತಿತ್ತು.

ಸೊಸೆ ತನಗೆ ತಿಳಿದದ್ದೆಲ್ಲ ಮಾಡಿದಳು. ಬಿಸಿಯಾಗುತ್ತಿರಬಹುದೆಂದು ರೂಟರನ್ನು ಕಪಾಟಿನ ಮೇಲಿಂದ ಇಳಿಸಿ ಪಕ್ಕದ ಸ್ಟೂಲಿನ ಮೇಲೆ ಗಾಳಿಗಿಟ್ಟಳು. ಬೇರೆ ಸಾಕೆಟ್ಟಿಗೆ ಹಾಕಿದಳು. ಸಣ್ಣ ತೂತಿನೊಳಗೆ ಪಿನ್ನು ಚುಚ್ಚಿ, ಎಲ್ಲವನ್ನೂ ಅಳಿಸಿ, ಹೊಸದಾಗಿ ಪಾಸ್‌ವರ್ಡ್ ಕೊಟ್ಟಳು. ಅದು ಒಂದು ಗಂಟೆ ಒಳ್ಳೆಯ ಮಗುವಿನ ಹಾಗೆ ಇದ್ದು ಮತ್ತೆ ಆರಿತು. ಕೊನೆಗೆ ಕಂಪನಿಗೆ ಫೋನು ಮಾಡಿದರು. ಮಾವನೇ ಮಾತಾಡಿದರು.

“ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್.”

“ಅಯ್ಯೋ, ಅದನ್ನ ಅದೇ ಮಾಡ್ಕೋತಾ ಇದೆಯಲ್ಲಮ್ಮ! ಅದಕ್ಕೇ ಫೋನ್ ಮಾಡಿದ್ದು!”

ಆ ಹುಡುಗಿ ತಪ್ಪೆಲ್ಲ ಹೊಸ ಫರ್ಮ್‌ವೇರಿನದೇ ಇರಬೇಕು, ಶುಕ್ರವಾರ ಯಾರನ್ನಾದರೂ ಕಳಿಸುತ್ತೇವೆ ಎಂದಳು. ಪರೀಕ್ಷೆ ಗುರುವಾರ.

ಮಾವನಿಗೆ ಗಡಿಯಾರದಲ್ಲೊಂದು ಪದ್ಧತಿಯಿತ್ತು. ಯಾವ ಗಡಿಯಾರವನ್ನೂ ಬಂದ ದಿನವೇ ಬಿಚ್ಚುತ್ತಿರಲಿಲ್ಲ. ಎದುರಿಗಿಟ್ಟುಕೊಂಡು, ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹಿಂದೆ ಬಿತ್ತು ಎಂದು ಬರೆದುಕೊಳ್ಳುತ್ತಿದ್ದರು. “ಮುಚ್ಚಳ ಆಮೇಲೆ ತೆಗೆಯೋಣ, ಮೊದಲು ಇದರ ನಡತೆ ನೋಡೋಣ” ಎನ್ನುತ್ತಿದ್ದರು. ಬುಧವಾರ ಬೆಳಿಗ್ಗೆಯಿಂದ ರೂಟರಿನ ಮುಂದೆ ಕುರ್ಚಿ ಹಾಕಿ, ಬರೆಯುವ ಪುಸ್ತಕ ಹಿಡಿದು ಕೂತೇಬಿಟ್ಟರು.

“ಹೆಂಡತಿಗೆ ಜ್ವರ ಬಂದಾಗಲೂ ಇಷ್ಟು ಹೊತ್ತು ಪಕ್ಕದಲ್ಲಿ ಕೂತವರಲ್ಲ” ಎಂದು ಅತ್ತೆ ಅತ್ತಿತ್ತ ಓಡಾಡುತ್ತಾ ಗೋಡೆಗೆ ಹೇಳಿದರು.

ಗುರುವಾರ ಮಧ್ಯಾಹ್ನ ಎರಡೂವರೆಗೆ ಮಾವ ತಮ್ಮ ಪುಸ್ತಕ ಓದಿಕೊಂಡರು. ಬುಧವಾರ ಹನ್ನೊಂದೂ ಹತ್ತು: ಸೊಸೆಯ ಅಭ್ಯಾಸ, ಜೊತೆಗೆ ಟೀವಿಯಲ್ಲಿ ಧಾರಾವಾಹಿ. ಆರಿತು. ನಾಲ್ಕೂ ಇಪ್ಪತ್ತು: ಮಗುವಿನ ಕಾರ್ಟೂನು, ಮಗನ ಫೋನು, ಮತ್ತೆ ಟೀವಿ. ಆರಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬೆಳಗಿನವರೆಗೆ ಒಂದು ಸಲವೂ ಇಲ್ಲ. ಹೊರೆ ಬಿದ್ದಾಗ ಕುಸಿಯುತ್ತದೆ. ಇಂಥ ಗಡಿಯಾರಗಳನ್ನು ಅವರು ನೂರಾರು ನೋಡಿದ್ದರು. ಮುಳ್ಳು ಸರಿ, ಹಲ್ಲಿನ ಚಕ್ರ ಸರಿ, ಸ್ಪ್ರಿಂಗಿನಲ್ಲಿ ಮಾತ್ರ ಬಲವಿಲ್ಲ. ರೂಟರಿಗೆ ಸ್ಪ್ರಿಂಗು ಯಾವುದು? ಕರೆಂಟು ಕೊಡುವ ಅಡಾಪ್ಟರು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರೂಟರಿನ ಅಡಿಯ ಪುಟ್ಟ ಅಕ್ಷರ ಓದಿದರು. ಹನ್ನೆರಡು ವೋಲ್ಟ್, ಎರಡು ಆಂಪ್. ಅಡಾಪ್ಟರಿನ ಬೆನ್ನು ತಿರುಗಿಸಿದರು. ಹನ್ನೆರಡು ವೋಲ್ಟ್, ಒಂದೇ ಆಂಪ್.

ಮಾವ ತಿರುಗಿ ತಮ್ಮ ಮೇಜಿನ ಕಡೆ ನೋಡಿದರು. ಆ ಅಡಾಪ್ಟರು ರೂಟರಿನದಲ್ಲ. ಅವರ ಕೆಲಸದ ಮೇಜಿನ ದೀಪದ್ದು.

ಎರಡು ವರ್ಷದ ಹಿಂದೆ ದೀಪದ ವೈರು ಮೇಜಿಗೆ ಎಟುಕುತ್ತಿರಲಿಲ್ಲ. ರೂಟರಿನದು ಉದ್ದವಿತ್ತು. ಪಿನ್ನು ಎರಡಕ್ಕೂ ಒಂದೇ. ಬದಲಾಯಿಸಿದರು. ದೀಪವೂ ಹತ್ತಿತು, ರೂಟರೂ ಹತ್ತಿತು, ಎರಡೂ ಹತ್ತಿದ ಮೇಲೆ ಯಾರಿಗೆ ಏನು ಹೇಳುವುದು ಎಂದು ಸುಮ್ಮನಾದರು. ಹಳೆಯ ಫರ್ಮ್‌ವೇರು ಪಾಪ, ಅರೆಹೊಟ್ಟೆಯಲ್ಲೇ ಸಂಸಾರ ತೂಗಿಸಿಕೊಂಡು ಬಂದಿತ್ತು. ಹೊಸದು ಬಂದದ್ದೇ ತಡ, ಪೂರ್ತಿ ಬಲದಲ್ಲಿ ದುಡಿಯಲು ಹೊರಟು ಹೊಟ್ಟೆಗೆ ಸಾಲದೆ ಬೀಳುತ್ತಿತ್ತು.

ಗಂಟೆ ಎರಡೂ ನಲವತ್ತೈದು. ಸೊಸೆ ಕೋಣೆಯಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟು, ಕೈಗಳು ಎದ್ದು ಕಾಣುವಂತೆ ಗೋಡೆಗೆ ಚಾದರ ಕಟ್ಟುತ್ತಿದ್ದಳು. ಮಾವ ಬೆಕ್ಕಿನ ಹೆಜ್ಜೆಯಲ್ಲಿ ತಮ್ಮ ಮೇಜಿಗೆ ಹೋಗಿ, ಹಗಲೂ ಉರಿಯುತ್ತಿದ್ದ ದೀಪದ ಅಡಾಪ್ಟರು ಕಿತ್ತು, ಅಂಗಿಯೊಳಗೆ ಅಡಗಿಸಿಕೊಂಡು ಬಂದು ರೂಟರಿಗೆ ಸಿಕ್ಕಿಸಿದರು. ಹಳೆಯದನ್ನು ಅದೇ ಅಂಗಿಯೊಳಗೆ ಇಳಿಬಿಟ್ಟರು. ತಿರುಗಿ ನೋಡಿದರೆ ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ.

“ಏನಾಯ್ತು ಮಾವ?”

“ಏನಿಲ್ಲಮ್ಮ. ಪಿನ್ನು ಸ್ವಲ್ಪ ಸಡಿಲ ಇತ್ತು. ಬಿಗಿ ಮಾಡ್ದೆ. ಇನ್ನು ಆರಲ್ಲ, ಹೋಗು.”

“ದೇವರ ಹಾಗೆ ಬಂದ್ರಿ” ಎಂದು ಸೊಸೆ ಬಾಗಿಲು ಹಾಕಿಕೊಂಡಳು.

ಆ ಮಾತು ಮಾವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅತ್ತೆಯ ಕೈಯಿಂದ ರಿಮೋಟು ಕಿತ್ತುಕೊಂಡು ಟೀವಿ ಆರಿಸಿದರು. ಅಗತ್ಯವಿರಲಿಲ್ಲ, ಆದರೂ ಆರಿಸಿದರು. ಆಮೇಲೆ ರೂಟರಿನ ಹಸಿರು ದೀಪದ ಮುಂದೆ ಕೂತರು. ಕೋಣೆಯೊಳಗಿಂದ ಒಂದು ಸದ್ದೂ ಇಲ್ಲ. ಇವತ್ತಿನ ಮಾತೆಲ್ಲ ಕೈಯಲ್ಲೇ. ಚೆನ್ನಾಗಿ ಆಗುತ್ತಿದೆಯೋ, ಹಾಳಾಗುತ್ತಿದೆಯೋ ಹೇಗೆ ತಿಳಿಯುವುದು? ಇಪ್ಪತ್ತು ನಿಮಿಷ, ಇಪ್ಪತ್ತೈದು ನಿಮಿಷ. ಆಗ ಸೊಸೆ ಒಳಗೆ ಜೋರಾಗಿ ನಕ್ಕಳು. ಪರೀಕ್ಷೆಯಲ್ಲಿ ನಗುವುದೆಂದರೇನು ಎಂದು ಮಾವ ಇನ್ನಷ್ಟು ಹೆದರಿದರು.

ಬಾಗಿಲು ತೆರೆದಾಗ ಅವಳ ಮುಖ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು.

“ಒಂದು ಸಲನೂ ಕಡಿಲಿಲ್ಲ ಮಾವ. ಸೋಮವಾರದಿಂದ ಕೆಲಸ.”

ಅತ್ತೆ ಅವಳನ್ನು ತಬ್ಬಿಕೊಂಡರು. ಮಾವನಿಗೆ ಇನ್ನು ತಡೆಯಲಾಗಲಿಲ್ಲ. “ನೋಡಮ್ಮ, ಆ ಅಡಾಪ್ಟರು...”

“ಕೊನೇಲಿ ಒಂದು ಪ್ರಶ್ನೆ ಕೇಳಿದ್ರು” ಎಂದು ಸೊಸೆ ಮಾತು ಮುಂದುವರಿಸಿಬಿಟ್ಟಳು. “ನಿಮ್ಮನೇಲಿ ಇವತ್ತು ನಡೆದದ್ದೇನಾದ್ರೂ ಹೇಳಿ, ನಮಗೆ ಕಣ್ಣಿಗೆ ಕಟ್ಟಬೇಕು ಅಂದ್ರು. ನಿಮ್ಮ ಕಥೆ ಹೇಳಿದೆ.”

“ನನ್ನ ಕಥೆ ಏನಿದೆ?”

“ಗೇಣುದ್ದದ ವೈರು ಹತ್ತು ನಿಮಿಷದಲ್ಲಿ ಮಾರುದ್ದ ಬೆಳೆದದ್ದು. ಯಾವತ್ತೂ ಆರದ ನಿಮ್ಮ ಮೇಜಿನ ದೀಪ ಆರಿದ್ದು. ಒಳ್ಳೇ ಮನುಷ್ಯನಿಗೆ ಇದ್ದಕ್ಕಿದ್ದ ಹಾಗೆ ಚೌಕಾಕಾರದ ಹೊಟ್ಟೆ ಬಂದದ್ದು.”

ಮಾವ ಅಂಗಿಯ ಮೇಲೆ ಕೈಯಿಟ್ಟುಕೊಂಡರು. ಅಡಾಪ್ಟರು ಇನ್ನೂ ಅಲ್ಲೇ ಇತ್ತು. ಅತ್ತೆ ನಗಲಾರಂಭಿಸಿದವರು ಕುರ್ಚಿ ಹಿಡಿದುಕೊಂಡು ಕೂತರು.

“ನಿನಗೆ ಆಗಲೇ ಗೊತ್ತಿತ್ತಾ? ಮತ್ತೆ ದೇವರ ಹಾಗೆ ಬಂದ್ರಿ ಅಂದೆ?”

“ಬೈದ್ರೆ ನಿಮ್ಮ ಎದೆ ಬಡ್ಕೊಳ್ತಾ ಇರತ್ತೆ, ನನ್ನ ಗಮನ ಆ ಕಡೆ ಹೋಗತ್ತೆ. ಪರೀಕ್ಷೆ ಮುಗೀಲಿ ಅಂದ್ಕೊಂಡೆ.” ಅವಳು ಅವರ ಪಕ್ಕ ಕೂತಳು. “ಕಿವಿ ಕೇಳದವರಲ್ಲಿ ಒಬ್ಬರನ್ನ ಕರೆಯೋಕೆ ಅಕ್ಷರ ಜೋಡಿಸಲ್ಲ ಮಾವ, ಆ ಮನುಷ್ಯನಿಗೆ ಒಪ್ಪೋ ಒಂದು ಸನ್ನೆನೇ ಹೆಸರು. ಕಿವಿ ಕೇಳೋರಿಗೆ ಸುಲಭಕ್ಕೆ ಕೊಡಲ್ಲ, ಅವರಿಗೆ ಇಷ್ಟವಾಗಬೇಕು. ಕಥೆ ಕೇಳಿ ಮೂವರೂ ಸೇರಿ ನಿಮಗೊಂದು ಹೆಸರು ಇಟ್ಟಿದ್ದಾರೆ.”

ಒಂದು ಕೈಯಿಂದ ಎದೆಯ ಬಳಿ ಏನನ್ನೋ ಬಚ್ಚಿಟ್ಟುಕೊಂಡು, ಇನ್ನೊಂದು ಕೈಯಿಂದ ದೀಪ ಹಚ್ಚಿ ಮುಂದಕ್ಕೆ ಚಾಚುವ ಹಾಗೆ, ಅವಳು ಅದನ್ನು ಮಾಡಿ ತೋರಿಸಿದಳು.

ಮಾವ ತಮ್ಮ ಹೆಸರನ್ನು ನಿಧಾನವಾಗಿ, ತಪ್ಪು ತಪ್ಪಾಗಿ ಹೇಳಿಕೊಂಡರು. ಸೊಸೆ ಅವರ ಬೆರಳುಗಳನ್ನು ಹಿಡಿದು ತಿದ್ದಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳ ಭಾಷೆಯ ಒಂದು ಮಾತನ್ನೂ ತಾವು ಕಲಿತಿರಲಿಲ್ಲ ಎಂದು ಅವರಿಗೆ ಆಗ ಹೊಳೆಯಿತು.

“ಇನ್ನೊಂದು ಸಲ ತೋರಿಸಮ್ಮ” ಎಂದರು.