ಸ್ಟೇಜಿಗೆ ಒಂದು ಟಿಕೆಟ್

“ಇಳಿಯೇ ಕೆಳಗೆ. ಅರವತ್ತು ಪೈಸೆ ಬಿಸಾಕಿ ಎಪ್ಪತ್ತು ಪೈಸೆ ಸವಾರಿ ಮಾಡ್ತಾಳಂತೆ ಮಹಾರಾಣಿ.”

ಕಂಡಕ್ಟರ್ ಗೋಪೀನಾಥ ಹೀಗೆನ್ನುವಾಗ ಮುನಿತಾಯಮ್ಮ ಇಳಿಯುತ್ತಲೇ ಇದ್ದಳು. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಇನ್ನೊಂದನ್ನು ಇಡಲು ಜಾಗವಿರಲಿಲ್ಲ, ಯಾಕೆಂದರೆ ಬಾಗಿಲಿಗೆ ಅಡ್ಡವಾಗಿ ಚೆಕಿಂಗ್ ಇನ್ಸ್‌ಪೆಕ್ಟರ್ ಶಂಭುಲಿಂಗಪ್ಪ ನಿಂತಿದ್ದ. ಒಬ್ಬ ಇಳಿ ಅನ್ನುತ್ತಿದ್ದ. ಇನ್ನೊಬ್ಬ ಇಳಿಯಲು ಬಿಡುತ್ತಿರಲಿಲ್ಲ.

“ಟಿಕೀಟ್ ತೋರ್ಸವ್ವಾ” ಎಂದ ಶಂಭುಲಿಂಗಪ್ಪ. ದಾವಣಗೆರೆ ಕಡೆಯವನು, ಬೆಂಗಳೂರಿಗೆ ವರ್ಗವಾಗಿ ಬಂದು ಐದು ವರ್ಷವಾಗಿದ್ದರೂ ಮಾತು ಇನ್ನೂ ವರ್ಗವಾಗಿರಲಿಲ್ಲ.

ಮುನಿತಾಯಮ್ಮ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಟಿಕೆಟ್ಟು ತೆಗೆದು ಕೊಟ್ಟಳು. ಅಕ್ಷರ ಬಾರದ ಅವಳಿಗೆ ಟಿಕೆಟ್ಟು ಗೊತ್ತಿದ್ದುದು ತೂತಿನಿಂದ. ಅಂಚಿನಲ್ಲಿ ಸಾಲಾಗಿ ಹನ್ನೊಂದು ಅಂಕಿ. ಕೊನೆಯ ಅಂಕಿಯ ಮೇಲೆ ಕಂಡಕ್ಟರು ತೂತು ಹೊಡೆದರೆ ಅದು ಸೀಗೇಪಾಳ್ಯದ ಊರೊಳಗಿನ ಅರಳಿಕಟ್ಟೆಗೆ, ಎಪ್ಪತ್ತು ಪೈಸೆ. ಅದರ ಹಿಂದಿನದಕ್ಕೆ ಹೊಡೆದರೆ ಕೆರೆಕೋಡಿಗೆ, ಅರವತ್ತು ಪೈಸೆ. ಕೆರೆಕೋಡಿಯ ಟಿಕೆಟ್ಟಿನಲ್ಲೇ ಇನ್ನೊಂದು ಮೈಲಿ ಮುಂದೆ, ಊರಿಗೆ ಒಂದು ಫರ್ಲಾಂಗು ಇರುವಾಗ, ಹುಣಸೆಮರದ ಹತ್ತಿರ ಇಳಿಯಬಹುದಿತ್ತು. ಹುಣಸೆಮರದ ಹಿಂದೆ ಕಾಲೋನಿ. ರಾಜಾಜಿನಗರದ ನಟ್ಟು ಬೋಲ್ಟಿನ ಫ್ಯಾಕ್ಟರಿಯಲ್ಲಿ ಕಸ ಗುಡಿಸಿ ವಾಪಸಾಗುವ ಮುನಿತಾಯಮ್ಮನ ತೂತು ಮೂರು ವರ್ಷದಿಂದ ಕೊನೆಯಿಂದ ಎರಡನೆಯದು. ಇವತ್ತೂ ಅಲ್ಲೇ ಇತ್ತು.

“ಇದು ಹತ್ತಕ್ಕೈತಿ. ಬಸ್ಸು ನಿಂತಿರೋದು ಹನ್ನೊಂದರಾಗ. ಸ್ಟೇಜ್ ದಾಟೀದಿ.”

“ನಾನೆಲ್ಲಿ ದಾಟ್ದೆ ಸ್ವಾಮಿ? ಬಸ್ಸು ದಾಟ್ತು. ಉಣಸೆಮರದ ತಾವ ಇಳೀತೀನಿ, ಸೀಟಿ ಊದಪ್ಪಾ ಅಂತ ಬಾಯ್ ಬಡ್ಕೊಂಡೆ. ಈ ನನ್ಮಗ ಊದ್ನಿಲ್ಲ.”

“ಏಯ್, ನನ್ಮಗ ಗಿನ್ಮಗ ಅಂದ್ರೆ ಹಲ್ ಉದುರ್ಸಿಬಿಡ್ತೀನಿ ಬೋಸುಡಿ” ಎಂದ ಗೋಪೀನಾಥ. ಊದಲಿಲ್ಲ ಎಂಬ ಮಾತನ್ನು ಮಾತ್ರ ಅವನು ಅಲ್ಲಗಳೆಯಲಿಲ್ಲ.

“ಬಸ್ಸು ಯಾಕ ನಿಲ್ಲಲಿಲ್ಲ ಅನ್ನೋದು ಟ್ರಾಫಿಕ್ ಸೆಕ್ಷನ್ನು. ನಾನು ಚೆಕಿಂಗು. ನಾನು ನೋಡೋದು ಎರಡ. ಟಿಕೀಟು ಎಲ್ಲೀಗ್ ಐತಿ, ಮನುಷ್ಯಾ ಎಲ್ಲಿ ಅದಾನ.”

“ಹಂಗಾರೆ ಓಡೋ ಬಸ್ಸಿಂದ ದುಮುಕ್ಬೇಕಾಗಿತ್ತಾ?”

“ಅದೂ ರೂಲ್ಸಿಗೆ ವಿರುದ್ಧ.”

ಶಂಭುಲಿಂಗಪ್ಪನಿಗೆ ಸಿಟ್ಟು ಬಂದಿರಲಿಲ್ಲ. ತಿಳಿಯದವರಿಗೆ ತಿಳಿಸಿ ಹೇಳುವುದು ಅವನಿಗೆ ಇಷ್ಟ. ರಶೀದಿ ಪುಸ್ತಕದ ನಡುವೆ ಕಾರ್ಬನ್ ಸರಿಮಾಡುತ್ತ ತಿಳಿಸಿದ: “ನೋಡವ್ವಾ, ಯಾವ ಸ್ಟೇಜಿಗೆ ಟಿಕೀಟ್ ತಗೊಂಡೀಯೋ ಅಲ್ಲೀತನ ನೀನು ರಾಣಿ. ಯಾವ ಮಗಾನೂ ನಿನ್ನ ಇಳಸಂಗಿಲ್ಲ. ಅದರಾಚಿ ಒಂದು ಹೆಜ್ಜಿ ಇಟ್ಟಿ ಅಂದ್ರ ಕಳ್ಳಿ. ಇಷ್ಟ ಕಾಯ್ದೆ. ದಂಡ ಹತ್ತು ರೂಪಾಯಿ.”

ಶನಿವಾರ, ವಾರದ ಬಟವಾಡೆ ಸೆರಗಿನ ಗಂಟಿನಲ್ಲಿತ್ತು. ಬಟವಾಡೆಗೆ ಕಾದು ತಡವಾಗಿದ್ದರಿಂದ ಈ ಟ್ರಿಪ್ಪಿನಲ್ಲಿ ಕಾಲೋನಿಯವಳು ಅವಳೊಬ್ಬಳೇ. ಹಲ್ಲಿನಿಂದ ಗಂಟು ಬಿಚ್ಚಿ ಹತ್ತರ ನೋಟು ತೆಗೆದಳು. ಶಂಭುಲಿಂಗಪ್ಪ ಕೈಯೊಡ್ಡಿ ಇಸಿದುಕೊಂಡ. ಅವನಿಗೆ ಅವಳು ಕಾಲೋನಿಯವಳೆಂದು ಗೊತ್ತಿರಲಿಲ್ಲ. ಗೋಪೀನಾಥನಿಗೆ ಗೊತ್ತಿತ್ತು. ಅವನು ಮೂರು ವರ್ಷದಿಂದ ಅವಳ ಟಿಕೆಟ್ಟನ್ನು ಅಂಗೈಗೆ ಒಂದು ಗೇಣು ಮೇಲಿನಿಂದ ಬಿಡುತ್ತಿದ್ದ. ಕಿಟಕಿಯ ಗಾಳಿ ಜೋರಾಗಿದ್ದ ದಿನ ಅವಳು ಸೀಟಿನ ಕೆಳಗೆ ಬಗ್ಗಿ ಹುಡುಕಬೇಕಾಗುತ್ತಿತ್ತು.

ರಶೀದಿ ಕೈಗೆ ಬಂದ ಮೇಲೆ ಅವಳು ಬಾಗಿಲ ಹೊರಗೆ ನೋಡಿದಳು. ಬಸ್ಸು ನಿಂತಿದ್ದುದು ಪಟೇಲ ಗಂಗಾಧರಯ್ಯನ ಮನೆ ಎದುರು. ಬಸ್ಸು ತಿರುಗಲು ಜಾಗ ಬಿಟ್ಟುಕೊಟ್ಟವನು ಅವನೇ. ಡ್ರೈವರು, ಕಂಡಕ್ಟರಿಗೆ ಉಪ್ಪಿಟ್ಟು ಕಾಫಿ ಬರುವುದೂ ಅವನ ಮನೆಯಿಂದಲೇ. ಅರಳಿಮರದ ಬುಡದಲ್ಲಿ ಅವನು ಸಿಮೆಂಟಿನಲ್ಲಿ ಕಟ್ಟಿಸಿದ ನಾಟಕದ ಸ್ಟೇಜು. ಯುಗಾದಿ ಕಳೆದ ಮೇಲೆ ಅಲ್ಲಿ ಪೌರಾಣಿಕ ನಾಟಕ ಆಡುತ್ತಾರೆ, ರಾಜನ ಪಾರ್ಟು ಪ್ರತಿ ವರ್ಷ ಪಟೇಲನದೇ. ಕಾಲೋನಿಯವರು ಚರಂಡಿಯಾಚೆ ಕೂತು ನೋಡಬೇಕು. ಸ್ಟೇಜನ್ನು ಮುಟ್ಟುವಂತಿಲ್ಲ; ಅದರ ಮುಂದೆ ಹಾಯುವುದಾದರೆ ಚಪ್ಪಲಿ ಕೈಯಲ್ಲಿರಬೇಕು.

ಮುನಿತಾಯಮ್ಮ ಮೆಟ್ಟಿಲ ಮೇಲೆ ಬಗ್ಗಿ ಹವಾಯಿ ಚಪ್ಪಲಿ ಬಿಚ್ಚತೊಡಗಿದಳು.

“ಏನ್ ಗುಡಿಗೆ ಬಂದೀ ಏನು? ಟೈಮಾತು, ಇಳಿ” ಎಂದು ಶಂಭುಲಿಂಗಪ್ಪ ಪಕ್ಕಕ್ಕೆ ಸರಿದು ರಶೀದಿ ಪುಸ್ತಕದಿಂದ ಅವಳ ಬೆನ್ನು ತಳ್ಳಿದ.

ತಳ್ಳಿದ ರಭಸಕ್ಕೆ ಅವಳು ಇಳಿದು ನಾಲ್ಕು ಹೆಜ್ಜೆ ಓಡಿ, ಸ್ಟೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಚಪ್ಪಲಿ ಕಾಲಲ್ಲೇ ಇತ್ತು. ಜಗುಲಿಯಲ್ಲಿ ಗಂಗಾಧರಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚುವುದನ್ನು ನಿಲ್ಲಿಸಿದ.

ಭಾನುವಾರ ಬೆಳಿಗ್ಗೆ ಕರೆ ಬಂತು. ಪಟೇಲನ ತೋಟದ ಆಳಾಗಿದ್ದ ಅವಳ ಗಂಡ ಚಿಕ್ಕಹನುಮಯ್ಯನೇ ಕರೆ ತಂದ.

“ಸ್ಟೇಜ್ ದಾಟ್ದೆ ಅಂತ ಯೋಳ್ತಾವ್ರೆ. ಬರ್ಬೇಕಂತೆ.”

“ಅದುಕ್ ನೆನ್ನೆನೇ ದಂಡ ಕಟ್ಟಿವ್ನಲ್ಲ” ಎಂದಳು ಮುನಿತಾಯಮ್ಮ. ಬಸ್ಸಿನವರ ಸ್ಟೇಜು, ಪಟೇಲನ ಸ್ಟೇಜು ಎರಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಸ್ಸು ನಿಲ್ಲುವುದು ಅಲ್ಲೇ, ಕಂಡಕ್ಟರು ‘ಸ್ಟೇಜ್ ಸ್ಟೇಜ್, ಲಾಸ್ಟ್ ಸ್ಟೇಜ್’ ಎಂದು ಕೂಗುವುದೂ ಅಲ್ಲೇ. ಮೂರು ವರ್ಷದಿಂದ ಅವಳ ಲೆಕ್ಕದಲ್ಲಿ ಸ್ಟೇಜೆಂದರೆ ಒಂದೇ. ರಶೀದಿಯನ್ನು ಕುಬಸದಲ್ಲಿಟ್ಟುಕೊಂಡು ಹೊರಟಳು.

ಚರಂಡಿಯಾಚೆ ಅವಳನ್ನು ನಿಲ್ಲಿಸಿದರು. ಊರ ನಾಲ್ಕೈದು ಜನ ಅರಳಿಮರದ ಕೆಳಗಿದ್ದರು. ಗಂಗಾಧರಯ್ಯ ಜಗುಲಿಯಿಂದ ಇಳಿಯಲಿಲ್ಲ.

“ಏನಮ್ಮಿ, ಮೆಟ್ಟು ಮೆಟ್ಕೊಂಡು ಬಂದು ಸ್ಟೇಜ್ ತಬ್ಕೊಂಡ್ಯಂತೆ. ಪಾರ್ಟ್ ಗೀರ್ಟ್ ಮಾಡೋ ಆಸೆ ಏನಾದ್ರೂ ಐತಾ?”

ನಾಲ್ಕೈದು ಜನವೂ ನಕ್ಕರು.

“ತೆಪ್ಪಾಯ್ತು ಬುದ್ಧಿ. ದಂಡ ಕಟ್ಟಿವ್ನಿ. ರಶೀತಿ ಐತೆ.”

ಗಂಗಾಧರಯ್ಯನ ಬಾಯಲ್ಲಿದ್ದ ಎಲೆಯಡಿಕೆಯ ರಸ ಗಂಟಲಿಗೆ ಹೋಗಿ ಕೆಮ್ಮು ಬಂತು. ಅವಳು ರಶೀದಿಯನ್ನು ಎತ್ತಿ ಹಿಡಿದೇ ಇದ್ದಳು. ಯಾರೂ ಅದನ್ನು ಇಸಿದುಕೊಳ್ಳುವಂತಿರಲಿಲ್ಲ. ಕೊನೆಗೆ ಒಬ್ಬ ಚರಂಡಿಯ ಅಂಚಿಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಕತ್ತು ನೀಡಿ ಓದಿದ: “ಸ್ಟೇಜು ಮೀರಿ ಪ್ರಯಾಣಿಸಿದ್ದಕ್ಕೆ ದಂಡ, ಹತ್ತು ರೂಪಾಯಿ. ಸೀಲ್ ಬೇರೆ ಐತೆ ಪಟೇಲ್ರೇ.”

“ಅದ್ಯಾವನೋ ಬಸ್‌ನೋನ್ ದಂಡ ಕಣೇ ಲೌಡಿ. ಇಲ್ಲಿ ದಂಡ ಬೇರೆ.”

ಬೇರೆ ದಂಡ ಹೀಗಿತ್ತು. ಮೈಲಿಗೆಯಾದ ಸ್ಟೇಜನ್ನು ಸಗಣಿಯಲ್ಲಿ ಸಾರಿಸಬೇಕು. ಮುನಿತಾಯಮ್ಮ ಸಾರಿಸಿದರೆ ಅದು ಇನ್ನೊಮ್ಮೆ ಮೈಲಿಗೆ. ಆದ್ದರಿಂದ ಅವಳು ಹನ್ನೆರಡು ಮಂಕರಿ ಸಗಣಿ ಹೊತ್ತು ತಂದು ಚರಂಡಿಯಾಚೆ ಸುರಿಯಬೇಕು, ಅಲ್ಲಿಂದ ಪಟೇಲನ ಮನೆಯವರು ಎತ್ತಿಕೊಳ್ಳುತ್ತಾರೆ. ಸಗಣಿಗೆ ಮೈಲಿಗೆ ತಟ್ಟುವುದಿಲ್ಲವಾದ್ದರಿಂದ ಈ ಏರ್ಪಾಟಿನಲ್ಲಿ ಯಾರಿಗೂ ತೊಡಕು ಕಾಣಲಿಲ್ಲ.

“ಇನ್ನೊಂದು” ಎಂದ ಗಂಗಾಧರಯ್ಯ. “ಉಣಸೆಮರದ ತಾವ ಇನ್ಮೇಲೆ ಬಸ್ ನಿಲ್ಲಲ್ಲ. ಎದುರುಗಡೆ ಹೊಲ ಸೈಟ್ ಹಾಕ್ಸಿವ್ನಿ. ಬಸವೇಶ್ವರನಗರ, ವಿಜಯನಗರದಿಂದ ದೊಡ್ಡ್ ಮನುಷ್ಯರು ನೋಡಾಕ್ ಬತ್ತಾರೆ. ಅವ್ರ್ ಬಂದಾಗ ನೀವು ಪಿತಪಿತ ಅಂತ ಅಲ್ಲಿ ಇಳ್ಕೊಂಡ್ರೆ ಯಾವನ್ ತಗೋತಾನೆ ಸೈಟು? ಡ್ರೈವರ್‌ಗೆ ಯೋಳಿವ್ನಿ. ಕೆರೆಕೋಡೀಲಿ ಇಳ್ಕೊಂಡು ನಡ್ಕೊಂಡ್ ಬನ್ನಿ.”

ಕೆರೆಕೋಡಿಯಿಂದ ಕಾಲೋನಿಗೆ ಒಂದು ಮೈಲಿ, ಕೆರೆಯ ಏರಿ ಮೇಲೆ. ಒಂದು ಕಡೆ ನೀರು, ಇನ್ನೊಂದು ಕಡೆ ಸಾರಾಯಿ ಅಂಗಡಿ. ಕಾಲೋನಿಯ ಹದಿನೆಂಟು ಹೆಂಗಸರು ಆ ಬಸ್ಸಿನಲ್ಲೇ ಕೂಲಿಗೆ ಹೋಗಿ ಬರುತ್ತಿದ್ದರು.

“ಟಿಕೇಟು ಮರದ್ ಗಂಟ ಐತೆ ಬುದ್ಧಿ.”

“ಟಿಕೇಟ್ ಮಡಚಿ ಮುಡ್ಕೋ.”

ಮುನಿತಾಯಮ್ಮ ಹನ್ನೆರಡು ಮಂಕರಿ ಹೊತ್ತಳು. ಏಳನೆಯದನ್ನು ತಲೆಗೆ ಎತ್ತಿಸುವಾಗ ಚಿಕ್ಕಹನುಮಯ್ಯ ಕೇಳಿದ: “ಬಸ್ಸಿನ್ ಸಾಹೇಬ್ರು ಏನಂದ್ರು ನೆನ್ನೆ?”

“ಯಾವ್ ಸ್ಟೇಜ್‌ಗೆ ಟಿಕೇಟ್ ತಗೋತೀಯೋ ಅಲ್ಲೀಗಂಟ ರಾಣಿ ಅಂದ್ರು. ಯಾರೂ ಇಳುಸಂಗಿಲ್ಲ ಅಂದ್ರು.”

“ಆ ಸ್ಟೇಜ್‌ಗೆ ಎಷ್ಟಂತೆ?”

“ಎಪ್ಪತ್ ಪೈಸ.”

ಚಿಕ್ಕಹನುಮಯ್ಯ ಮಂಕರಿಯನ್ನು ಅವಳ ತಲೆಯ ಮೇಲೆ ಸರಿಯಾಗಿ ಕೂರಿಸಿದ. ಆಮೇಲೆ “ಅಷ್ಟೇನಾ” ಎಂದ.

ಸೋಮವಾರ ಸಂಜೆ ಐದೂಮುಕ್ಕಾಲಿಗೆ ನವರಂಗ್ ಸ್ಟಾಪಿನಿಂದ ಬಸ್ಸು ಹೊರಟಿತು. ಮುನಿತಾಯಮ್ಮ ಎಪ್ಪತ್ತು ಪೈಸೆ ಚಾಚಿದಳು.

“ಸ್ಟೇಜ್‌ಗೆ ಒಂದು.”

ಗೋಪೀನಾಥ ಚಿಲ್ಲರೆ ನೋಡಿದ, ಅವಳನ್ನು ನೋಡಿದ. “ಕೆರೆಕೋಡಿಗ್ ಅರವತ್ತು. ಹತ್ ಪೈಸೆ ಜಾಸ್ತಿ ಕೊಟ್ಟಿದೀಯ.”

“ಕೆರೆಕೋಡಿಗಲ್ಲ. ಸ್ಟೇಜ್‌ಗೆ.”

“ಅಲ್ಲಿ ನಿಂದೇನೇ ಕೆಲಸ?”

“ಇಳಿಯೋ ಕೆಲಸ.”

ಗೋಪೀನಾಥ ಕೊನೆಯ ಅಂಕಿಯ ಮೇಲೆ ತೂತು ಹೊಡೆದು, ಎಂದಿನಂತೆ ಒಂದು ಗೇಣು ಮೇಲಿನಿಂದ ಬಿಟ್ಟ. ಕೈ ತಪ್ಪಿ ಅದು ಕೆಳಗೆ ಬಿತ್ತು. ಅವಳು ಬಗ್ಗಲಿಲ್ಲ.

“ಎತ್ಕೊಡಪ್ಪ. ಎಪ್ಪತ್ ಪೈಸ ಎಣಿಸ್ಕೊಂಡಿದ್ಯಲ್ಲ, ಕೈಗ್ ಕೊಡು.”

ಸೀಟಿನಲ್ಲಿದ್ದ ಗುಮಾಸ್ತನೊಬ್ಬ ಪೇಪರಿನ ಮೇಲಿಂದ ನೋಡಿದ. “ಕೊಡ್ರೀ, ಬಾಗಿಲಲ್ಲಿ ಜನ ನಿಂತಿದಾರೆ” ಎಂದು ಮತ್ತೆ ಪೇಪರಿಗೆ ಹೋದ. ಗೋಪೀನಾಥ ಬಗ್ಗಿ ಎತ್ತಿ ಕೊಟ್ಟ. ಅವನ ಬೆರಳು ಅವಳ ಅಂಗೈಗೆ ತಾಗಿತು. ಬಸ್ಸು ಓಡುತ್ತಲೇ ಇತ್ತು.

“ನಂಗೂ ಸ್ಟೇಜ್‌ಗೇ ಒಂದು” ಎಂದಳು ಹಿಂದಿದ್ದ ಬೋರಮ್ಮ. ಗಾರೆ ಕೆಲಸದವಳು, ಕೂದಲಲ್ಲಿ ಸಿಮೆಂಟಿತ್ತು. “ನಂಗ್ ಕೈಗೇ ಕೊಟ್ಬಿಡು ಮಗಾ. ನನ್ ಸೊಂಟ ಬಗ್ಗಲ್ಲ, ನಿಂದ್ ವಯಸ್ಸಿನ್ ಸೊಂಟ.”

ಅವಳ ಹಿಂದೆ ಇನ್ನೊಬ್ಬಳು. ವಿಜಯನಗರ ದಾಟುವ ಹೊತ್ತಿಗೆ ಗೋಪೀನಾಥ ಹದಿನೆಂಟು ಸಲ ಕೊನೆಯ ಅಂಕಿಗೆ ತೂತು ಹೊಡೆದಿದ್ದ.

ಕೆರೆಕೋಡಿಯಲ್ಲಿ ಬಸ್ಸು ನಿಂತಿತು. “ಇಳೀರಿ, ಇಳೀರಿ, ಕಾಲೋನಿಯೋರು” ಎಂದು ಗೋಪೀನಾಥ ಕೂಗಿದ. ಯಾರೂ ಇಳಿಯಲಿಲ್ಲ. ಬದಲಿಗೆ ಶಂಭುಲಿಂಗಪ್ಪ ಹತ್ತಿದ. ಹಿಂದಿನಿಂದ ಮುಂದಿನವರೆಗೂ ಬಂದು ಹದಿನೆಂಟು ಟಿಕೆಟ್ಟು ನೋಡಿದ. ಮುನಿತಾಯಮ್ಮನದನ್ನು ಬೆಳಕಿಗೆ ಹಿಡಿದು ತೂತಿನಲ್ಲಿ ಕಣ್ಣಿಟ್ಟ.

“ಬರೋಬ್ಬರಿ ಐತಿ” ಎಂದ. “ನೋಡು, ಹೇಳಿಕೊಟ್ರ ಯಾಕ ಬರಂಗಿಲ್ಲ?”

ಹುಣಸೆಮರ ಕಿಟಕಿಯಲ್ಲಿ ಹಾದುಹೋಯಿತು. ಯಾರೂ ಸೀಟಿ ಊದು ಅನ್ನಲಿಲ್ಲ.

ಅರಳಿಕಟ್ಟೆಯ ಮುಂದೆ ಬಸ್ಸು ನಿಂತಾಗ ಬೆಳಕು ಇನ್ನೂ ಇತ್ತು. ಹದಿನೆಂಟು ಜನ ಸಾಲಾಗಿ ಇಳಿದರು. ಚಪ್ಪಲಿ ಇದ್ದವರ ಚಪ್ಪಲಿ ಕಾಲಲ್ಲಿತ್ತು. ಇಲ್ಲದವರ ಕಾಲಲ್ಲಿ ಗಾರೆಯಿತ್ತು. ಸಾರಿಸಿದ ಸ್ಟೇಜು ಒಣಗಿ ಹಸಿರಾಗಿತ್ತು. ಮುನಿತಾಯಮ್ಮ ಮೂರು ಮೆಟ್ಟಿಲು ಹತ್ತಿ, ನಾಟಕದಲ್ಲಿ ರಾಜನ ಕುರ್ಚಿ ಹಾಕುವ ಜಾಗದಲ್ಲಿ ಕಾಲು ಚಾಚಿ ಕೂತಳು. ಬುತ್ತಿ ಡಬ್ಬಿ ಪಕ್ಕದಲ್ಲಿಟ್ಟುಕೊಂಡಳು. ಉಳಿದವರೂ ಹತ್ತಿ ಕೂತರು. ಬೋರಮ್ಮ ಎಲೆಯಡಿಕೆ ಸಂಚಿ ಬಿಚ್ಚಿದಳು.

ಗಂಗಾಧರಯ್ಯ ಜಗುಲಿಯಿಂದ ಇಳಿದು ಬಂದ. ಅವನು ಇಳಿದದ್ದನ್ನು ಕಾಲೋನಿಯವರು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

“ಇಳೀರೇ ಕೆಳಗೆ, ಮುಂಡೇರಾ.”

“ಯಾಕ್ ಬುದ್ಧಿ?” ಎಂದಳು ಮುನಿತಾಯಮ್ಮ. “ಸ್ಟೇಜ್‌ಗೆ ಟಿಕೇಟ್ ಐತೆ.” ಕಿವಿಯ ಹಿಂದಿನಿಂದ ತೆಗೆದು ತೋರಿಸಿದಳು. ಹದಿನೇಳು ಕೈಗಳೂ ಮೇಲೆದ್ದವು. “ಸಾಹೇಬ್ರು ನೋಡವ್ರೆ. ಕೇಳಿ ಬೇಕಾರೆ.”

ಗಂಗಾಧರಯ್ಯ ಬಸ್ಸಿನ ಕಡೆ ತಿರುಗಿದ. ಉಪ್ಪಿಟ್ಟಿನ ತಟ್ಟೆಗಳು ಜಗುಲಿಯಲ್ಲಿ ಆರುತ್ತಿದ್ದವು. ಶಂಭುಲಿಂಗಪ್ಪ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡಿದ. ತಾನು ಹೇಳಿದ ಸ್ಟೇಜು ಯಾವುದು, ಇವರು ಹತ್ತಿರುವುದು ಯಾವುದು ಎಂಬುದು ಅವನಿಗೆ ಈಗ ಹೊಳೆದಿರಬೇಕು. ಬಾಯಿ ತೆರೆದ. ಯಾವ ರೂಲ್ಸೂ ಸಿಗಲಿಲ್ಲ.

“ಟಿಕೀಟು ಬರೋಬ್ಬರಿ ಅದಾವ್ರಿ” ಎಂದು ಒಳಗೆ ಹೋಗಿ ಕೂತ.

ಮನೆಯ ಹಿಂದಿನಿಂದ ಪಟೇಲನ ಇಬ್ಬರು ಮಕ್ಕಳು ಬಂದರು. ಕೈಯಲ್ಲಿ ಗಾಡಿಯ ಗೂಟಗಳಿದ್ದವು. ಆದರೆ ಸ್ಟೇಜಿನ ಹತ್ತಿರ ಬಂದು ನಿಂತರು. ಹತ್ತಿದರೆ ಅವರನ್ನು ಮುಟ್ಟಬೇಕು, ಮುಟ್ಟಿದರೆ ಸ್ನಾನ ಮಾಡಬೇಕು. ಗಂಗಾಧರಯ್ಯ ಆಚೀಚೆ ನೋಡಿದ. ತೋಟದಿಂದ ಹುಲ್ಲಿನ ಹೊರೆ ಹೊತ್ತು ಚಿಕ್ಕಹನುಮಯ್ಯ ಬರುತ್ತಿದ್ದ.

“ಲೋ ಹನುಮ, ಹತ್ತೋ ಮೇಲೆ. ಮೊದ್ಲು ನಿನ್ ಹೆಂಡ್ತಿ ಜುಟ್ಟಿಡ್ಕೊಂಡು ಎಳ್ದಾಕು. ಆಮೇಲ್ ಮಿಕ್ಕೋವ್ನ.”

ಚಿಕ್ಕಹನುಮಯ್ಯ ಹೊರೆಯನ್ನು ಇಳಿಸಿದ. ತಲೆಯ ಸಿಂಬೆ ಬಿಚ್ಚಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡ. ಸ್ಟೇಜಿನ ಮೇಲೆ ಕೂತ ಹೆಂಡತಿಯನ್ನು ನೋಡಿದ. ಗೂಟಗಳನ್ನು ನೋಡಿದ. ಆಮೇಲೆ ಎರಡೂ ಕೈ ಅಗಲಿಸಿ ಪಟೇಲನಿಗೆ ತೋರಿಸಿದ.

“ನನ್ ತಾವ ಟಿಕೇಟಿಲ್ವಲ್ಲ ಬುದ್ಧಿ.”