ಹೇಜೆಲ್ ತಿಂದ ಹೋಳಿಗೆ

ನಮ್ಮ ಭಾವ ವಿರೂಪಾಕ್ಷ ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಕ್ಕರೆ ಕಾಯಿಲೆಯ ದೊಡ್ಡ ಡಾಕ್ಟರು. ಕದ್ದು ಕೇಕು ತಿಂದ ಮುದುಕಿಯರನ್ನು ಹೇಗೆ ಬೈಯುತ್ತೇನೆಂದು ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಅವರೇ ಎಷ್ಟೋ ಸಲ ನಟಿಸಿ ತೋರಿಸಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದನ್ನು ಕೇಳಿ ‘ಪಾಪ, ಅವರಿಗೆ ಗೊತ್ತಿರಲಿಲ್ಲ’ ಎಂದು ಯಾರೂ ಅನ್ನಬಾರದು.

ಹೇಜೆಲ್ ಎಂಬುದು ನನ್ನ ಮಗಳು ನಿವೇದಿತಾ ನೋಡಿಕೊಳ್ಳುತ್ತಿದ್ದ ಕಂದು ಕುದುರೆ. ಗಿಡ್ಡ ಜಾತಿಯದು, ವಯಸ್ಸಾದದ್ದು. ನಮ್ಮದಲ್ಲ, ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ನಮ್ಮ ಹಿಂದಿನ ರಸ್ತೆಯ ಮಿಸೆಸ್ ಹಾರ್ಗ್ರೀವ್ಸ್ ಅವರದು. ಅವರ ಮೊಣಕಾಲು ಕೈಕೊಟ್ಟ ಮೇಲೆ ಮೈ ತಿಕ್ಕುವುದು, ಲದ್ದಿ ಬಾಚುವುದು, ಓಡಾಡಿಸುವುದು ಎಲ್ಲ ನಿವಿಯ ಪಾಲಿಗೆ ಬಂತು. ಹಾಸಿಗೆಯಿಂದ ಎಬ್ಬಿಸಲು ನಾನು ಗಂಟಲು ಹರಿದುಕೊಳ್ಳುತ್ತಿದ್ದ ಹುಡುಗಿ, ಡಿಸೆಂಬರಿನ ಚಳಿಯಲ್ಲೂ ತಾನೇ ಎದ್ದು ಹೋಗುತ್ತಿದ್ದಳು. ಹೇಜೆಲ್‌ಗೂ ಒಂಥರಾ ಸಕ್ಕರೆ ಕಾಯಿಲೆಯೇ. ಸಿಹಿ ತಿಂದರೆ, ಹಸಿ ಹುಲ್ಲು ಹೆಚ್ಚು ಮೇಯ್ದರೆ ಗೊರಸಿನೊಳಗೆ ಉರಿ ಎದ್ದು ನಿಲ್ಲಲಾಗುವುದಿಲ್ಲ. ಕೈಮೀರಿದರೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುವುದೊಂದೇ ದಾರಿ. ಅದಕ್ಕೇ ಹುಲ್ಲಿನ ಮೇಲೆ ಬಿಟ್ಟಾಗ ಮೂತಿಗೆ ಬಾಯಿಬುಟ್ಟಿ ಕಟ್ಟಬೇಕು. ಕುದುರೆಯನ್ನು ಒಪ್ಪಿಸುವಾಗ ಮಿಸೆಸ್ ಹಾರ್ಗ್ರೀವ್ಸ್ ಹಾಕಿದ ಷರತ್ತು ಅದೊಂದೇ.

ನಮ್ಮೂರಿನಾಚೆ ಕಾಡಿನ ಪಾರ್ಕೊಂದರಲ್ಲಿ ಕುದುರೆಗಳ ಜೊತೆಗೇ ಟೆಂಟ್ ಹಾಕಿ ಉಳಿಯಬಹುದು. ಜೂನ್ ತಿಂಗಳಲ್ಲಿ ಅಲ್ಲಿಗೆ ಹೋಗಬೇಕೆಂಬುದು ನಿವಿಯ ವರ್ಷದ ಆಸೆ. ನನ್ನ ಗಂಡ ಮೃತ್ಯುಂಜಯ ಸುಮ್ಮನಿರಲಾರದೆ ಅಣ್ಣ ವಿರೂಪಾಕ್ಷರ ಕಿವಿಗೆ ಹಾಕಿದರು. ನಾವು ಅಲ್ಲಿ ಟೆಂಟ್ ಹಾಕಿದ ಶುಕ್ರವಾರ ಸಂಜೆಯೇ ಅಣ್ಣ, ಅತ್ತಿಗೆ ಇಬ್ಬರೂ ಕಾರಿನ ತುಂಬ ಪಾತ್ರೆ, ಹೋಳಿಗೆ ಡಬ್ಬಿ ಹೇರಿಕೊಂಡು ಬಂದಿಳಿದರು. ಮರುದಿನ ಕಾರಹುಣ್ಣಿಮೆ ಬೇರೆ. ನಮ್ಮ ಧಾರವಾಡದ ಕಡೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುವ ಹಬ್ಬ.

“ಎತ್ತಂತೂ ಇಲ್ಲ, ಕುದುರಿಯರ ಐತಲ್ಲ,” ಎಂದು ಶನಿವಾರ ಬೆಳಿಗ್ಗೆ ಭಾವ ಹೇಜೆಲ್‌ನ ಹಣೆಗೆ ವಿಭೂತಿ ಹಚ್ಚಿದರು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ನಿವಿ ನಗುತ್ತ ಫೋಟೋ ತೆಗೆದಳು. ಆಮೇಲೆ ಅವರ ಕಣ್ಣು ಬಾಯಿಬುಟ್ಟಿಯ ಮೇಲೆ ಬಿತ್ತು.

“ಹಬ್ಬದಾಗ ಮೂಕ ಪ್ರಾಣಿ ಬಾಯಿ ಕಟ್ಟೀರಲ್ಲ, ಏನ್ ಮಂದಿ ನೀವು!”

ನಿವಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದಳು. ಇನ್ಸುಲಿನ್ ಎಂಬ ಮಾತೂ ಅದರಲ್ಲಿತ್ತು. ದೊಡ್ಡಪ್ಪನಿಗೆ ಅರ್ಥವಾಗುವ ಭಾಷೆ ಅದು ಎಂದುಕೊಂಡಿತ್ತು ಕೂಸು. ಭಾವ ಅವಳ ಕೆನ್ನೆ ಹಿಂಡಿ, “ಭಾಳ ಶಾಣ್ಯಾ ಆಗ್ಯಾಳ,” ಎಂದರು.

ನಾನೂ ಹೇಳಿದೆ. “ಭಾವಾರ, ಹೋಳಿಗಿ ಒಂದು ತುಣುಕೂ ಬ್ಯಾಡ್ರಿ. ಅದಕ್ಕ ವಿಷ ಇದ್ದಂಗ.”

“ಆತು ತಗೋವಾ,” ಎಂದರು. ಈ ಮನೆಯ ಸೊಸೆಯಾಗಿ ಬಂದಾಗಿನಿಂದ ನಾನು ಕೇಳುತ್ತಿರುವ ‘ಆತು ತಗೋವಾ’ ಅದು. ನೀನು ಹೇಳಿದ್ದು ಮುಗಿದಿದ್ದರೆ ನಾನು ನನ್ನ ಕೆಲಸ ನೋಡುತ್ತೇನೆ ಎಂದು ಅದರ ಅರ್ಥ.

ಭಾನುವಾರ ಬೆಳಿಗ್ಗೆ ಹೇಜೆಲ್ ಒಂದು ಹೆಜ್ಜೆಯೂ ಕಿತ್ತಿಡಲಿಲ್ಲ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಡುಗುತ್ತ ನಿಂತಿತ್ತು. ನಿವಿ ಗೊರಸು ಮುಟ್ಟಿ ನೋಡಿ ನನ್ನ ಕೈಯನ್ನೂ ಎಳೆದು ಅದರ ಮೇಲಿಟ್ಟಳು. ಬಿಸಿ ಹಂಚಿನ ಹಾಗೆ ಸುಡುತ್ತಿತ್ತು. ಅವಳು ಅಳಲಿಲ್ಲ. ಪಶುವೈದ್ಯೆಗೂ ಮಿಸೆಸ್ ಹಾರ್ಗ್ರೀವ್ಸ್ ಅವರಿಗೂ ತಾನೇ ಫೋನ್ ಮಾಡಿದಳು. ನಾನು ಬಾಯಿಬುಟ್ಟಿ ಬಿಚ್ಚಿದೆ. ಒಳಗೆಲ್ಲ ಏಲಕ್ಕಿ ವಾಸನೆ. ಪಟ್ಟಿಗಳ ಸಂದಿಯಲ್ಲಿ ಕಡಲೆಬೇಳೆ ಹೂರಣ ಒಣಗಿ ಅಂಟಿತ್ತು.

“ಭಾವಾರ, ಎಷ್ಟು ತಿನ್ನಿಸೀರಿ?”

“ಹಬ್ಬಕ್ಕಂತ ಒಂದೆರಡು. ಎಷ್ಟು ಆಶಾದ್ಲೆ ತಿಂತು ಗೊತ್ತೇನು!”

ಭಾವನ ಹೆಂಡತಿ, ನನ್ನ ನೆಗೆಣ್ಣಿ ಮಹಾದೇವಿ ಅಕ್ಕ ಹೋಳಿಗೆ ಡಬ್ಬಿಯ ಮುಚ್ಚಳ ತೆಗೆದರು. ತಳ ಕಾಣುತ್ತಿತ್ತು. “ಅಯ್ಯ ಶಿವನೇ, ತುಂಬ ತಂದಿದ್ನಲ್ಲ,” ಎಂದವರು ಗಂಡನ ಮುಖ ನೋಡಿ ಮುಚ್ಚಳ ಹಾಕಿಬಿಟ್ಟರು.

ನಾನು ನನ್ನ ಗಂಡನ ಕಡೆ ತಿರುಗಿದೆ. “ನೀವು ನೋಡಿದ್ರೇನ್ರಿ?”

“ನಿನ್ನೆ ನೀವಿಬ್ಬರೂ ನೀರಿಗೆ ಹೋದಾಗ... ಅಣ್ಣಗ ಏನಂತ ಹೇಳ್ಲಿ?”

ಮೈಯೆಲ್ಲ ಉರಿದುಹೋಯಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅನ್ನುತ್ತಾರಲ್ಲ, ಆ ಜಾತಿಯ ಅಣ್ಣ ಒಬ್ಬ. ಅವನೆದುರು ಬಾಯಿ ಬಾರದ ತಮ್ಮ ಇನ್ನೊಬ್ಬ. ಇವರಿಬ್ಬರ ನಡುವೆ ನನ್ನ ಮಗಳ ಕುದುರೆ ನಿಲ್ಲಲಾರದೆ ನಡುಗುತ್ತಿತ್ತು.

ಪಶುವೈದ್ಯೆಯ ಕಾರು, ಅದರ ಹಿಂದೆ ಮಿಸೆಸ್ ಹಾರ್ಗ್ರೀವ್ಸ್ ಅವರದು ಮರಗಳಾಚೆ ಕಾಣಿಸಿದಾಗ ಭಾವ ನನ್ನ ಬಳಿ ಬಂದರು. ದನಿ ತಗ್ಗಿಸಿ, “ಬಾಯಿಬುಟ್ಟಿ ಸಡ್ಲ ಆಗಿತ್ತು, ಹುಲ್ಲು ಮೇದೈತಿ ಅಂತ ಹೇಳ್ರಿ. ಮನಿ ಮಾತು ಹೊರಗ ಹಾಕಬಾರದು,” ಎಂದರು.

ಬಾಯಿಬುಟ್ಟಿ ಕಟ್ಟುವವಳು ನಿವಿ. ಸಡಿಲಾಗಿತ್ತು ಎಂದರೆ ತಪ್ಪು ಅವಳದು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸುವುದನ್ನು ಗಾದೆಯಲ್ಲಿ ಕೇಳಿದ್ದೆ, ಆವತ್ತು ಕಣ್ಣಾರೆ ಕಂಡೆ. ನಿವಿಗೆ ಕನ್ನಡ ಆಡಲು ಬಾರದಿದ್ದರೂ ಪೂರ್ತಿ ಅರ್ಥವಾಗುತ್ತದೆ. ಗೊರಸಿನ ಮೇಲೆ ತಣ್ಣೀರು ಸುರಿಯುತ್ತಿದ್ದವಳು ತಲೆಯೆತ್ತಿ ತನ್ನ ಅಪ್ಪನನ್ನು ನೋಡಿದಳು. ಅಪ್ಪ ಟೆಂಟಿನ ಹಗ್ಗ ಬಿಗಿಯುತ್ತಿದ್ದರು.

“ನಿಮ್ಮ ಪೇಶಂಟ್ ಹಿಂಗ ಸುಳ್ಳು ಹೇಳಿದ್ರ ಏನ್ ಮಾಡ್ತೀರಿ, ಭಾವಾರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಶುವೈದ್ಯೆಯ ಬಳಿ ಹೋದೆ. ಈ ಡಾಕ್ಟರು, ಅಂದರೆ ನನ್ನ ಗಂಡನ ಅಣ್ಣ, ಬೇಡವೆಂದರೂ ಕೇಳದೆ ನಿನ್ನೆ ಒಂದು ಡಬ್ಬಿ ಬೆಲ್ಲದ ಹೋಳಿಗೆ ತಿನ್ನಿಸಿದ್ದಾರೆ, ಮಗುವಿನದು ಏನೂ ತಪ್ಪಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಪಕ್ಕದ ಟೆಂಟಿನವರೂ ತಿರುಗಿ ನೋಡಿದರು. ನೋಡಲಿ.

ಪಶುವೈದ್ಯೆ ನೋವಿಗೆ ಇಂಜೆಕ್ಷನ್ ಕೊಟ್ಟು, ಗೊರಸುಗಳಿಗೆ ಐಸ್ ಕಟ್ಟಿಸಿದರು. ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಮಿಸೆಸ್ ಹಾರ್ಗ್ರೀವ್ಸ್ ಯಾರನ್ನೂ ಬೈಯಲಿಲ್ಲ. ಹೇಜೆಲ್‌ನ ಹಣೆಯ ವಿಭೂತಿಯ ಮೇಲೆ ಕೈಯಾಡಿಸುತ್ತ, ನೀನೇ ಹೇಳು, ಏನು ಮಾಡೋಣ ಎಂದು ನಿವಿಯನ್ನು ಕೇಳಿದರು.

“ನೀವೇ ಕರೆದುಕೊಂಡು ಹೋಗಿ,” ಎಂದಳು ನಿವಿ ಇಂಗ್ಲಿಷಿನಲ್ಲಿ. “ನಮ್ಮ ಮನೆಯವರ ಹತ್ತಿರ ಬಿಡಬೇಡಿ. ಇನ್ನು ನಾನು ಬರುವುದಿಲ್ಲ. ನಾನು ಬಂದರೆ ಇವರೂ ಬರುತ್ತಾರೆ.”

ಮಧ್ಯಾಹ್ನ ಕುದುರೆ ಸಾಗಿಸುವ ಗಾಡಿ ನಿಧಾನವಾಗಿ ಹೇಜೆಲ್ ಅನ್ನು ಒಯ್ದಿತು. ನಾವು ಟೆಂಟ್ ಮಡಚಿದೆವು. ಹೊರಡುವ ಹೊತ್ತಿಗೆ ಭಾವ ಏನೂ ಆಗಿಲ್ಲವೆಂಬಂತೆ ತಮ್ಮ ಕಾರಿನ ಪಕ್ಕ ನಿಂತರು. ಬೀಳ್ಕೊಳ್ಳುವಾಗ ಹಿರಿಯರ ಕಾಲು ಮುಟ್ಟುವುದು ನಮ್ಮ ಮನೆಯ ಪದ್ಧತಿ. ನಿವಿ ಯಾರೂ ಹೇಳದೆಯೇ ಮುಟ್ಟುತ್ತಿದ್ದಳು. ಆವತ್ತು ಖಾಲಿ ಬಾಯಿಬುಟ್ಟಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು.

“ನಿವಿ, ದೊಡ್ಡಪ್ಪಗ ನಮಸ್ಕಾರ ಮಾಡವಾ,” ಎಂದರು ನನ್ನ ಗಂಡ. ಅಷ್ಟು ಹೊತ್ತು ಬಾರದ ದನಿ ಅದಕ್ಕೆ ಬಂತು. ಭಾವ ಆಗಲೇ ಆಶೀರ್ವಾದಕ್ಕೆ ಕೈ ಎತ್ತಿದ್ದರು.

“ಬ್ಯಾಡ,” ಎಂದೆ. “ಕಾರು ಹತ್ತು ನಿವಿ.”

ಅವಳು ಹತ್ತಿದಳು. ನಾನು ಬಾಗಿಲು ಹಾಕಿ ತಿರುಗಿದಾಗಲೂ ಭಾವನ ಕೈ ಇನ್ನೂ ಮೇಲೆಯೇ ಇತ್ತು.