ಸವರಿ ಹಾಕಿದ ಸಾಲು

ಪಶು ಆರೋಗ್ಯ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಕಿಟಕಿ ಪಕ್ಕದ್ದರ ಮುಂದೆ ಅತ್ತಿಗೆ ಕೂರುತ್ತಿದ್ದಳು, ಬಾಗಿಲ ಪಕ್ಕದ್ದರ ಮುಂದೆ ಅವಳ ಮೈದುನ. ಅವನನ್ನು ಅಲ್ಲಿಗೆ ಸೇರಿಸಿದ್ದೂ ಅವಳೇ. "ಗಂಡನ ತಮ್ಮ, ಬುದ್ಧಿವಂತ, ಮನೇಲಿ ಸುಮ್ನೆ ಕೂತಿದಾನೆ" ಎಂದು ಸಾಹೇಬರ ಹತ್ತಿರ ಕೇಳಿಕೊಂಡಿದ್ದಳು. ಬಂದ ಸ್ವಲ್ಪ ದಿನಕ್ಕೇ ಕಚೇರಿಯವರು ಅವನಿಗೆ ಕತ್ತರಿ ಎಂದು ಹೆಸರಿಟ್ಟರು. ಯಾವ ಪ್ರೋಗ್ರಾಂ ಕೈಗೆ ಕೊಟ್ಟರೂ ಅರ್ಧ ಮಾಡಿ ಹಿಂದಕ್ಕೆ ಕೊಡುತ್ತಿದ್ದ.

ಅವಳು ಬರೆದದ್ದು ಉದ್ದವಾಗಿತ್ತು, ಅದೇನು ಸುಳ್ಳಲ್ಲ. ಹಸುವಿಗೊಂದು ಫೈಲು, ಎಮ್ಮೆಗೊಂದು, ಆಡಿಗೆ, ಕುರಿಗೆ, ಹಂದಿಗೆ, ಕುದುರೆಗೆ ಒಂದೊಂದು. ಎಲ್ಲದರಲ್ಲೂ ಅವೇ ಸಾಲುಗಳು: ಸಂಖ್ಯೆ ತೆಗೆದುಕೋ, ಸಂಖ್ಯೆ ಇಟ್ಟುಕೋ, ವಯಸ್ಸು ತೆಗೆದುಕೋ, ವಯಸ್ಸು ಇಟ್ಟುಕೋ. ಹೊಸ ಪ್ರಾಣಿ ಬಂದರೆ ಹಳೆಯದನ್ನು ನಕಲು ಮಾಡಿ, ಹೆಸರು ಬದಲಿಸಿ, ಪೈರು ನೆಡುವವಳ ಹಾಗೆ ಸಾಲು ಹಿಡಿದು ಬರುತ್ತಿದ್ದಳು. ಬೇಸರವೆಂಬುದು ಅವಳಿಗೆ ಬಂದದ್ದಿಲ್ಲ.

"ಅತ್ತಿಗೆ, ಇದು ಪ್ರೋಗ್ರಾಮಾ, ಇಲ್ಲ ಮಗ್ಗಿನಾ?" ಎಂದ ಕತ್ತರಿ, ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತ.

"ನಡೀತಿದೆಯಲ್ಲ."

"ಎತ್ತಿನ ಗಾಡೀನೂ ನಡಿಯುತ್ತೆ."

ಅವನು ಒಂದು ಅಚ್ಚು ಮಾಡಿದ. ಅದಕ್ಕೆ ಯಾವ ಪ್ರಾಣಿಗೆ ಏನೇನು ವಿವರ ಬೇಕು, ಮೊದಲಿಗೆ ಏನಿರಬೇಕು ಎಂದಷ್ಟೇ ಹೇಳಿದರೆ ಸಾಕು. ಮಿಕ್ಕದ್ದನ್ನು ಪ್ರೋಗ್ರಾಂ ಓಡುವಾಗ ಕಂಪ್ಯೂಟರಿನ ಭಾಷೆಯೇ ಕಟ್ಟಿಕೊಳ್ಳುತ್ತಿತ್ತು. ಅವಳ ಫೈಲುಗಳೆಲ್ಲ ಸೇರಿ ಅವನ ಒಂದು ಪುಟವಾದವು. ಸಾಹೇಬರು ಆ ಪುಟವನ್ನು ನೋಡಿ, ಚಹಾ ಲೋಟ ಕೆಳಗಿಟ್ಟು, ಇಬ್ಬರ ಎದುರಿಗೇ ಹೇಳಿದರು: "ಇಷ್ಟೇ ಕೆಲಸ ಅಂದ್ರೆ ಇಬ್ಬರು ಯಾಕೆ? ಬರೋ ವರ್ಷ ಒಂದೇ ಕುರ್ಚಿ. ಯಾರದು ಅಂತ ನೋಡ್ತೀನಿ."

ಮನೆಯಲ್ಲಿ ಅತ್ತೆ ಊಟಕ್ಕೆ ಬಡಿಸುತ್ತ, "ನೀನು ಇಷ್ಟು ವರ್ಷ ಮಾಡಿದ್ದನ್ನ ಇವನು ಗೇಣಗಲದಲ್ಲಿ ಮುಗಿಸಿಬಿಟ್ಟನಂತೆ" ಎಂದರು. ಗಂಡ ತಟ್ಟೆ ನೋಡಿಕೊಂಡು ನಕ್ಕ. ಅವಳು ಆ ನಗುವನ್ನು ನೆನಪಿಟ್ಟುಕೊಂಡಳು.

ಹಳೆಯ ಫೈಲುಗಳನ್ನು ಕತ್ತರಿ ಅವಳಿಂದಲೇ ಅಳಿಸಿ ಹಾಕಿಸಿದ. "ನಿಮ್ಮ ಮಕ್ಕಳನ್ನ ನೀವೇ ಕಳಿಸಿಕೊಡಿ ಅತ್ತಿಗೆ." ಹೊಸದನ್ನು ಪರೀಕ್ಷಿಸಿ ನೋಡುವ ಕೆಲಸವೂ ಅವಳ ಪಾಲಿಗೇ ಬಂತು. ಅವಳು ಸುಳ್ಳು ಮಾಲೀಕನೊಬ್ಬನನ್ನು ಮಾಡಿ, ಅವನಿಗೆ ನಾಲ್ಕಾರು ದನ ಕೊಟ್ಟು, ಒಂದು ಹಸುವಿಗೆ ಕಾಲುಹುಣ್ಣು ಎಂದು ಬರೆದಳು. ಆಮೇಲೆ ಕರುವಿನ ವಿವರ ತೆರೆದು ನೋಡಿದಳು. ಕರುವಿಗೂ ಕಾಲುಹುಣ್ಣಿತ್ತು. ಎತ್ತಿಗೂ ಇತ್ತು.

ಕಾರಣ ತಿಳಿಯಲು ಹೊತ್ತು ಹಿಡಿಯಲಿಲ್ಲ. ಅವಳ ಹಳೆಯ ಸಾಲುಗಳಲ್ಲಿ ಪ್ರತಿ ಪ್ರಾಣಿಗೂ ರೋಗಗಳನ್ನು ಹಾಕಿಡಲು ಹೊಸದೊಂದು ಖಾಲಿ ಬುಟ್ಟಿ ಕೊಡುವ ಸಾಲೊಂದಿತ್ತು. ಹೇಳಿದ್ದೇ ಹೇಳುವುದೆಂದು ಅವನು ಅದನ್ನೂ ಸವರಿ, ಬುಟ್ಟಿಯನ್ನು ಅಚ್ಚಿನೊಳಗೇ ಇಟ್ಟುಬಿಟ್ಟಿದ್ದ. ಅಚ್ಚು ಒಂದೇ, ಬುಟ್ಟಿಯೂ ಒಂದೇ. ಒಬ್ಬೊಬ್ಬ ಮಾಲೀಕನ ಮಂದೆಯನ್ನು ತೆರೆದಾಗಲೂ ಪ್ರೋಗ್ರಾಂ ಹೊಸದಾಗಿ ಓಡುತ್ತಿತ್ತು, ಅಲ್ಲಿರುವ ಅಷ್ಟೂ ದನಗಳ ರೋಗ ಆ ಒಂದೇ ಬುಟ್ಟಿಗೆ ಬಂದು ಬೀಳುತ್ತಿತ್ತು.

ಹೇಳಬೇಕೆಂದು ಅವಳು ಕುರ್ಚಿ ತಿರುಗಿಸಿದಳು.

"ಏನತ್ತಿಗೆ, ಮಗ್ಗಿ ಮರೆತುಹೋಯ್ತಾ?" ಎಂದ ಅವನು.

"ಇಲ್ಲ. ಎಲ್ಲಾ ಸರಿಯಿದೆ" ಎಂದಳು.

ಯಾರದೋ ಎತ್ತಿಗೆ ಇಲ್ಲದ ಹುಣ್ಣು ಕಾಣಿಸುತ್ತದೆ, ಮಾಲೀಕ ಬಂದು ಜಗಳ ತೆಗೆಯುತ್ತಾನೆ, ಸಾಹೇಬರು ಇವನ ಮೇಲೆ ಹಾರಾಡುತ್ತಾರೆ. ಅವಳ ಲೆಕ್ಕ ಅಷ್ಟೇ ಇತ್ತು. ಅಷ್ಟಾದರೆ ಕುರ್ಚಿ ಉಳಿಯುತ್ತಿತ್ತು.

ಆದರೆ ಹುಣ್ಣಿಗಿಂತ ಮೊದಲು ಜ್ವರ ಬಂತು. ದನದಿಂದ ದನಕ್ಕೆ ಹರಡುವ, ಮದ್ದಿಲ್ಲದ ಜ್ವರ. ತಗುಲಿದ ದನವನ್ನು ಕೊಂದು ಹೂಳಬೇಕೆಂಬುದು ನಿಯಮ. ಡಾಕ್ಟರು ಊರೂರು ತಿರುಗಿ ರಕ್ತ ನೋಡಿ ಬರೆಯುತ್ತಿದ್ದರು. ಬೆಳಿಗ್ಗೆ ಕಂಪ್ಯೂಟರು ಕೊಟ್ಟ, ದನದ ಕಿವಿಯ ಬಿಲ್ಲೆಯ ಸಂಖ್ಯೆಗಳನ್ನು ಹಿಡಿದು ಕೊಂದು ಹೂಳುವವರ ಗಾಡಿ ಹೊರಡುತ್ತಿತ್ತು. ಗಾಡಿಯವರು ಸಂಖ್ಯೆ ನೋಡುವವರು, ದನ ನೋಡುವವರಲ್ಲ. ಕೆರೆಯಾಚೆಯ ಮುದುಕನೊಬ್ಬನ ಮನೆಯಲ್ಲಿ ಡಾಕ್ಟರು ಒಂದು ಮುದಿ ಹಸುವಿಗೆ ಜ್ವರವೆಂದು ಬರೆದರು. ಮಾರನೆಯ ಬೆಳಿಗ್ಗೆ ಗಾಡಿ ಹೋಗಿ ಕೊಟ್ಟಿಗೆಯನ್ನೇ ಬರಿದು ಮಾಡಿ ಬಂತು.

ತಾನು ಬರೆದದ್ದು ಒಂದೇ ಹಸುವನ್ನೆಂದು ಡಾಕ್ಟರ ಫೋನು ಬಂದಾಗ ಸಾಹೇಬರು ಬಾಗಿಲು ಹಾಕಿಕೊಂಡು ಇಬ್ಬರನ್ನೂ ನಿಲ್ಲಿಸಿದರು. ಕತ್ತರಿಯ ಮುಖ ಸುಣ್ಣವಾಗಿತ್ತು.

"ಬುಟ್ಟಿ ಕೊಡೋ ಸಾಲು ನಾನು ಸವರಿದ್ದೆ. ಆದ್ರೆ ಅತ್ತಿಗೆ ನೋಡಿದ್ರು ಸರ್. ಸರಿಯಿದೆ ಅಂದ್ರು."

"ನಾನು ನೋಡಿದ್ದು ಸಂಖ್ಯೆ, ವಯಸ್ಸು ಅಷ್ಟೇ" ಎಂದಳು ಅವಳು. "ಇವರ ಕೆಲಸದಲ್ಲಿ ತಪ್ಪು ಹುಡುಕೋಷ್ಟು ನಂಗೆಲ್ಲಿ ತಿಳಿಯುತ್ತೆ. ನಂದು ಮಗ್ಗಿ."

ಕತ್ತರಿ ಅವಳನ್ನೇ ನೋಡಿದ. ಅವಳಿಗೆ ಗೊತ್ತಿತ್ತೆಂಬುದು ಅವನಿಗೆ ಆಗ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು, "ನೀನು ನಾಳೆಯಿಂದ ಬರಬೇಡ" ಎಂದರು. ಅವಳ ಕಡೆ ತಿರುಗಿ, "ಆ ಸಾಲು ಮತ್ತೆ ಹಾಕಮ್ಮ. ಇನ್ನೊಂದು ಮಾತು ಕೇಳು, ಆ ಮನೆಯ ದನಕ್ಕೆಲ್ಲ ಜ್ವರ ಇತ್ತು. ಯಾರು ಬಂದು ಕೇಳಿದ್ರೂ ಇತ್ತು. ತಿಳೀತಾ?" ಎಂದರು.

"ತಿಳೀತು ಸರ್."

ಮುದುಕ ಎರಡು ದಿನ ಬಿಟ್ಟು ಬಂದ. ಅವಳ ಕಿಟಕಿಯ ಹೊರಗೆ ಚಪ್ಪಲಿ ಬಿಟ್ಟು ನಿಂತ, ಒಳಗೆ ಬರುವವನ ಹಾಗೆ.

"ಮುದಿಯದಕ್ಕೆ ಜ್ವರ ಇತ್ತು, ಅದು ನಂಗೂ ಗೊತ್ತಮ್ಮ. ಮೂರು ದಿನದಿಂದ ಮೇವು ಬಿಟ್ಟಿತ್ತು. ಉಳಿದವು ಚೆನ್ನಾಗಿ ತಿಂತಿದ್ವು. ಆ ಸಣ್ಣ ಕರು ಗಾಡಿ ನೋಡಿ ಕುಣೀತಿತ್ತು. ಅದಕ್ಕೂ ಇತ್ತೇನಮ್ಮ?"

"ಇತ್ತು."

"ನೋಡಿದ್ರೆ ಹಾಗೆ ಕಾಣ್ತಿರಲಿಲ್ಲ."

"ಕಾಣಲ್ಲ, ಅಜ್ಜ. ಒಳಗೇ ಇರುತ್ತೆ."

ಮುದುಕ ಯೋಚಿಸಿದ. ಕಿಟಕಿಯ ಸರಳು ಹಿಡಿದುಕೊಂಡ.

"ಹಾಗಾದ್ರೆ ನಾನೇ ಅಂಟಿಸಿದೆನೇನೋ. ಮುದಿಯದಕ್ಕೆ ಗಂಜಿ ಕುಡಿಸಿ, ಅದೇ ಕೈಯಲ್ಲಿ ಕರು ಬಾಯಿಗೂ ಕೊಡ್ತಿದ್ದೆ. ನಮ್ಮ ಮನೆಯವಳು ಬೇಡ ಅಂತಾನೇ ಇದ್ಲು. ಈಗ ನನ್ನ ಹತ್ರ ಮಾತಾಡ್ತಿಲ್ಲ. ನನ್ನಿಂದಾನೇ ಆಗಿದ್ದಾ ಅಂತ ಕೇಳ್ಕೊಂಡು ಬಾ ಅಂತ ಕಳಿಸಿದಾಳೆ."

ಪಕ್ಕದ ಕೋಣೆಯಲ್ಲಿ ಸಾಹೇಬರು ಕುರ್ಚಿ ಸರಿಸಿದ ಸದ್ದಾಯಿತು. ಅವಳು ಮುದುಕನ ಕೈಬೆರಳುಗಳನ್ನು ನೋಡಿದಳು.

"ಇರಬಹುದು" ಎಂದಳು. "ಇನ್ನೊಂದ್ಸಲ ದನ ಕಟ್ಟಿದ್ರೆ ಕೈ ತೊಳ್ಕೊಂಡು ಮುಟ್ಟಿ."